ಸಂಪಾದಕರ ಉತ್ತರ: ಮಂಡಿಯೂರಿದರೆ ಗುಂಡು ನಿಲ್ಲುತ್ತಾ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಮುಖಪುಟ ಲೇಖನದ ಬಗ್ಗೆ ನೀವು ಬರೆದ ಪತ್ರ ತಲುಪಿತು. ಮ್ಯಾನ್ಮಾರ್‌ನ ಮಿಚೀನಾ ಪಟ್ಟಣದಲ್ಲಿ 2021ರ ಮಾರ್ಚ್ 8ರಂದು, ಸೈನ್ಯದ ಆಡಳಿತದ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದಾಗ, ಕ್ಯಾಥೋಲಿಕ್ ಸನ್ಯಾಸಿನಿ ಸಿಸ್ಟರ್ ಆನ್ ರೋಸ್ ನು ತಾಂಗ್ ರಸ್ತೆ ಮೇಲೆ ಮಂಡಿಯೂರಿ, ಮಕ್ಕಳನ್ನು ಬಿಡಿ, ಬೇಕಾದರೆ ನನ್ನನ್ನು ಕೊಲ್ಲಿ ಎಂದು ಪೊಲೀಸರನ್ನು ಬೇಡಿಕೊಂಡ ಚಿತ್ರ ಅದರಲ್ಲಿತ್ತು. ಆ ಚಿತ್ರ ನೋಡಿ ನಿಮಗೆ ಗೌರವದ ಜೊತೆಗೆ ಸಿಟ್ಟೂ ಬಂದಿದೆ. ನೀವು ಮೂರು ಮಾತು ಕೇಳಿದ್ದೀರಿ. ಅವತ್ತು ಅಷ್ಟಾದರೂ ಗುಂಡು ಹಾರಿತಲ್ಲ, ಮಂಡಿಯೂರಿ ಏನು ಸಿಕ್ಕಿತು? ಶಿಲುಬೆಯ ಹೆಸರಲ್ಲೇ ಯುದ್ಧ ಮಾಡಿದ ಚರ್ಚಿಗೆ ಅಹಿಂಸೆಯ ಪಾಠ ಹೇಳುವ ಹಕ್ಕು ಎಲ್ಲಿಂದ ಬಂತು? ಉಕ್ರೇನಿನವರಿಗೂ ಇದನ್ನೇ ಹೇಳುತ್ತೀರಾ?

ಮೂರೂ ಕೇಳಲೇಬೇಕಾದ ಪ್ರಶ್ನೆಗಳು. ಸುಮ್ನೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸು ಬರಲಿಲ್ಲ.

ಮೊದಲನೆಯದು. ನೀವು ಹೇಳಿದ್ದು ನಿಜ. ಆ ಸಿಸ್ಟರ್ ಎದುರು ಇಬ್ಬರು ಪೊಲೀಸರೂ ಮಂಡಿಯೂರಿ ಕೈ ಮುಗಿದರು. ಸ್ವಲ್ಪ ಹೊತ್ತಿಗೆಲ್ಲ ಗುಂಡು ಹಾರಿತು. ಆ ದಿನ ಅಲ್ಲಿ ಕಡಿಮೆಯೆಂದರೂ ಇಬ್ಬರು ಸತ್ತರು. ಇದನ್ನು ಮುಚ್ಚಿಟ್ಟು ಅಹಿಂಸೆಯ ಬಗ್ಗೆ ಬರೆಯುವುದರಲ್ಲಿ ಅರ್ಥವಿಲ್ಲ. ಆದರೆ ಅಹಿಂಸೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಇಂಥ ಒಂದು ಕ್ಷಣ ಮಾತ್ರ. ಅದರ ಹಿಂದೆ ಮುಂದೆ ವರ್ಷಗಟ್ಟಲೆ ನಡೆಯುವ ಕೆಲಸದ ಚಿತ್ರ ಯಾರೂ ತೆಗೆಯುವುದಿಲ್ಲ. ತೆಗೆದರೂ ಅದರಲ್ಲಿ ನೋಡಲು ಏನೂ ಇರುವುದಿಲ್ಲ: ಒಂದು ಮೇಜು, ಸುತ್ತ ದಣಿದ ಕೆಲವು ಮುಖಗಳು, ಅಷ್ಟೇ.

ಫಿಲಿಪ್ಪೀನ್ಸ್ ಉದಾಹರಣೆ ತೆಗೆದುಕೊಳ್ಳಿ. 1986ರ ಫೆಬ್ರವರಿಯಲ್ಲಿ ಮನಿಲಾದ ಎಡ್ಸಾ ರಸ್ತೆಯಲ್ಲಿ ಸನ್ಯಾಸಿನಿಯರು ಜಪಮಾಲೆ ಹಿಡಿದು ಟ್ಯಾಂಕುಗಳ ಮುಂದೆ ಕೂತ ಚಿತ್ರ ಜಗತ್ತೆಲ್ಲ ನೋಡಿದೆ. ಕಾರ್ಡಿನಲ್ ಹೈಮೆ ಸಿನ್ ರೇಡಿಯೊ ವೆರಿತಾಸ್‌ನಲ್ಲಿ ಜನರನ್ನು ಬೀದಿಗೆ ಕರೆದರು, ಲಕ್ಷಾಂತರ ಜನ ಬಂದರು, ನಾಲ್ಕೇ ದಿನದಲ್ಲಿ ಸರ್ವಾಧಿಕಾರಿ ಮಾರ್ಕೋಸ್ ದೇಶ ಬಿಟ್ಟು ಓಡಿದ. ಕಥೆ ಇಷ್ಟೇ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಆಸ್ಟ್ರಿಯಾದ ಹಿಲ್ಡೆಗಾರ್ಡ್ ಗಾಸ್ ಮೇಯರ್ ಮತ್ತು ಅವರ ಗಂಡ ಜಾನ್ ಗಾಸ್ 1984ರಲ್ಲೇ ಅಲ್ಲಿಗೆ ಹೋಗಿ ಬಿಷಪ್‌ಗಳು, ಪಾದ್ರಿಗಳು, ಸನ್ಯಾಸಿನಿಯರು, ವಿದ್ಯಾರ್ಥಿಗಳು, ಕಾರ್ಮಿಕರ ಜೊತೆ ಕೂತು ತರಬೇತಿ ಶುರು ಮಾಡಿದ್ದರು. ಬಂದೂಕು ಹಿಡಿದವನನ್ನು ಬೈಯದೆ ಮಾತಾಡಿಸುವುದು ಹೇಗೆ, ಹೊಡೆದರೆ ತಿರುಗಿ ಹೊಡೆಯದೆ ನಿಲ್ಲುವುದು ಹೇಗೆ, ಗುಂಪಿನಲ್ಲಿ ಭಯ ಹರಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದೆಲ್ಲ ಕಲಿತು ಬರುವ ವಿದ್ಯೆ. ಸೈನಿಕನಿಗೆ ಕವಾಯತು ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ನಿರಾಯುಧರಿಗೂ ಅದು ಬೇಕು ಅನ್ನುವುದು ಯಾಕೋ ನಮಗೆ ಹೊಳೆಯುವುದೇ ಇಲ್ಲ.

ಇದು ಬರೀ ಭಕ್ತರ ನಂಬಿಕೆಯ ಮಾತೂ ಅಲ್ಲ. 1900ರಿಂದ 2006ರವರೆಗಿನ 323 ಹೋರಾಟಗಳನ್ನು ಇಬ್ಬರು ಅಮೆರಿಕನ್ ಸಂಶೋಧಕಿಯರು ಲೆಕ್ಕ ಹಾಕಿ ನೋಡಿದರು. ಅಹಿಂಸೆಯ ಹೋರಾಟಗಳಲ್ಲಿ ಶೇ. 53ರಷ್ಟು ಗೆದ್ದಿದ್ದವು, ಶಸ್ತ್ರ ಹಿಡಿದವುಗಳಲ್ಲಿ ಶೇ. 26. ಈಚಿನ ವರ್ಷಗಳಲ್ಲಿ ಅಹಿಂಸೆಯ ಗೆಲುವಿನ ಪ್ರಮಾಣ ಇಳಿದಿದೆ ಎನ್ನುವುದನ್ನೂ ಸೇರಿಸಿ ಹೇಳಬೇಕು. ಆಳುವವರೂ ಕಲಿಯುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ನಾಟಿದ್ದು ಉತ್ತರ ಐರ್ಲೆಂಡಿನ ಫಾದರ್ ಅಲೆಕ್ ರೀಡ್ ಅವರ ಕಥೆ. 1988ರ ಮಾರ್ಚ್ 19. ಬೆಲ್‌ಫಾಸ್ಟ್‌ನಲ್ಲಿ ಐಆರ್‌ಎ ಸದಸ್ಯನೊಬ್ಬನ ಶವಯಾತ್ರೆ. ಬ್ರಿಟಿಷ್ ಆಳ್ವಿಕೆ ಹೋಗಬೇಕೆಂದು ಶಸ್ತ್ರ ಹಿಡಿದಿದ್ದ ಗುಂಪು ಅದು. ಮಫ್ತಿಯಲ್ಲಿದ್ದ ಇಬ್ಬರು ಬ್ರಿಟಿಷ್ ಸೈನಿಕರ ಕಾರು ಆ ಮೆರವಣಿಗೆಯೊಳಕ್ಕೆ ಬಂದುಬಿಟ್ಟಿತು. ಗುಂಪು ಅವರನ್ನು ಎಳೆದು ಹೊಡೆಯಿತು. ರೀಡ್ ಇಬ್ಬರ ನಡುವೆ ನೆಲದ ಮೇಲೆ ಮಲಗಿ ತಡೆಯಲು ನೋಡಿದರು. ಅವರನ್ನೂ ಎಳೆದು ಹಾಕಿದರು. ಆಮೇಲೆ ಗುಂಡಿನ ಸದ್ದು. ಹುಡುಕಿಕೊಂಡು ಹೋದಾಗ ಸೈನಿಕರು ಒಂದು ಖಾಲಿ ಜಾಗದಲ್ಲಿ ಬಿದ್ದಿದ್ದರು. ರೀಡ್ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ನೋಡಿದರು. ಸತ್ತವನ ಪಕ್ಕ ಮಂಡಿಯೂರಿ, ತುಟಿಗೆ ರಕ್ತ ಮೆತ್ತಿಕೊಂಡು, ಕ್ಯಾಮೆರಾ ಕಡೆ ನೋಡುತ್ತಿರುವ ಪಾದ್ರಿಯ ಚಿತ್ರ ಇಂದಿಗೂ ಸಿಗುತ್ತದೆ.

ಆ ಚಿತ್ರದಲ್ಲಿ ಕಾಣದ ಒಂದು ವಸ್ತು ಇದೆ. ಅವರ ಬಳಿ ಒಂದು ಲಕೋಟೆ ಇತ್ತು. ಐಆರ್‌ಎ ಜೊತೆ ನಂಟಿದ್ದ ಶಿನ್ ಫೇನ್ ಪಕ್ಷವು, ಶಾಂತಿಯ ದಾರಿ ಹಿಡಿದಿದ್ದ ಎಸ್‌ಡಿಎಲ್‌ಪಿ ನಾಯಕ ಜಾನ್ ಹ್ಯೂಮ್‌ಗೆ ಗುಟ್ಟಾಗಿ ಕಳಿಸಿದ್ದ ಕಾಗದ ಅದರಲ್ಲಿತ್ತು. ಲಕೋಟೆಗೆ ರಕ್ತ ತಾಗಿತ್ತು. ಅಂಥ ದಿನ ಯಾರಾದರೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಿದ್ದರು. ರೀಡ್ ಲಕೋಟೆ ಬದಲಾಯಿಸಿ, ಕಾಗದವನ್ನು ಮುಟ್ಟಿಸಬೇಕಾದವರಿಗೆ ಮುಟ್ಟಿಸಿದರು. ಅಲ್ಲಿಂದ ಗುಡ್ ಫ್ರೈಡೇ ಒಪ್ಪಂದ ಎಂಬ ಶಾಂತಿ ಒಪ್ಪಂದಕ್ಕೆ ಹತ್ತು ವರ್ಷ ಹಿಡಿಯಿತು. 2005ರಲ್ಲಿ ಐಆರ್‌ಎ ಶಸ್ತ್ರಗಳನ್ನು ನಿರುಪಯೋಗಿ ಮಾಡಿದಾಗ ಸಾಕ್ಷಿಯಾಗಿ ನಿಂತಿದ್ದು ಇದೇ ರೀಡ್ ಮತ್ತು ಹ್ಯಾರಲ್ಡ್ ಗುಡ್ ಎಂಬ ಮೆಥಡಿಸ್ಟ್ ಪಾದ್ರಿ.

ಅಡ್ಡ ಮಲಗಿದ್ದು ಗುಂಡನ್ನು ನಿಲ್ಲಿಸಲಿಲ್ಲ, ಆ ಇಬ್ಬರು ಉಳಿಯಲಿಲ್ಲ. ಆ ಕಾಗದದ ಓಡಾಟ ಮಾತ್ರ ಮುಂದೆ ಎಷ್ಟೋ ಜೀವ ಉಳಿಸಿತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇನ್ನೊಂದು ಮಾತು. ಈ ಕೆಲಸದಲ್ಲಿ ಕೈಗೆ ರಕ್ತ ಮೆತ್ತಿಕೊಂಡವರ ಜೊತೆಯೇ ಮಾತಾಡಬೇಕು. ಒಳ್ಳೆಯವರ ಜೊತೆ ಶಾಂತಿ ಮಾತಾಡಲು ಮಧ್ಯಸ್ಥರು ಯಾಕೆ ಬೇಕು? ಇದಕ್ಕಾಗಿ ರೀಡ್ ಅವರಂಥವರು ಎರಡೂ ಕಡೆಯಿಂದ ಬೈಸಿಕೊಳ್ಳುತ್ತಾರೆ.

ಮೊಜಾಂಬಿಕ್‌ನಲ್ಲೂ ಆದದ್ದು ಇದೇ. 1977ರಿಂದ ನಡೆದ ಅಂತರ್ಯುದ್ಧ, ಜೊತೆಗೆ ಬರಗಾಲ ಸೇರಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಬೈರಾದ ಆರ್ಚ್‌ಬಿಷಪ್ ಹೈಮೆ ಗೊನ್ಸಾಲ್ವೆಸ್ ಕಾಡಿನಲ್ಲಿದ್ದ ರೆನಾಮೊ ಬಂಡುಕೋರರ ನಾಯಕನನ್ನು ಗುಟ್ಟಾಗಿ ಹೋಗಿ ಕಂಡು ಬಂದರು. ರೋಮ್‌ನ ಸಾಂತ್ ಎಜಿದಿಯೊ ಬಳಗ ಆ ದೇಶಕ್ಕೆ ಮೊದಲಿನಿಂದ ಆಹಾರ, ಔಷಧ ಕಳಿಸುತ್ತಿತ್ತು. 1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಎಂಬ ವಿದ್ಯಾರ್ಥಿ ಕಟ್ಟಿದ ಬಳಗ ಅದು. ಸೈನ್ಯ ಇಲ್ಲ, ದುಡ್ಡಿನ ಬಲ ಇಲ್ಲ, ಯಾರನ್ನೂ ಹೆದರಿಸುವ ಶಕ್ತಿ ಇಲ್ಲ. ಹಾಗಾಗಿಯೇ ಎರಡೂ ಕಡೆಯವರು ಅವರನ್ನು ನಂಬಿದರು. ಹಳೆಯ ಕಾನ್ವೆಂಟ್ ಕಟ್ಟಡವೊಂದರಲ್ಲಿ 1990ರ ಜುಲೈನಲ್ಲಿ ಮಾತುಕತೆ ಶುರುವಾಯಿತು. ಎರಡು ವರ್ಷಕ್ಕೂ ಜಾಸ್ತಿ ಎಳೆಯಿತು. 1992ರ ಅಕ್ಟೋಬರ್ 4ರಂದು ಒಪ್ಪಂದಕ್ಕೆ ಸಹಿ ಬಿತ್ತು. 2013ರ ಹೊತ್ತಿಗೆ ಅಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು, 2019ರಲ್ಲಿ ಹೊಸ ಒಪ್ಪಂದ ಆಗಬೇಕಾಯಿತು. ಆದರೂ ನಡುವಿನ ಇಪ್ಪತ್ತು ವರ್ಷ ಶಾಲೆಗೆ ಹೋಗಿ ಬೆಳೆದ ಮಕ್ಕಳ ಲೆಕ್ಕವನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಈಗ ಎರಡನೆಯ ಪ್ರಶ್ನೆ. ಚರ್ಚಿಗೆ ಹಕ್ಕು ಎಲ್ಲಿಂದ ಬಂತು?

ಶಿಲುಬೆ ಯುದ್ಧಗಳ ವಿಷಯದಲ್ಲಿ ನಿಮ್ಮ ಜೊತೆ ವಾದಕ್ಕಿಳಿಯುವುದಿಲ್ಲ. ಅಷ್ಟು ಹಿಂದಕ್ಕೆ ಹೋಗುವ ಅಗತ್ಯವೂ ಇಲ್ಲ. 1994ರಲ್ಲಿ ರುವಾಂಡಾದ ನರಮೇಧದ ವೇಳೆ ಜನ ಜೀವ ಉಳಿಸಿಕೊಳ್ಳಲು ಓಡಿ ಬಂದದ್ದು ಚರ್ಚುಗಳಿಗೆ. ಸಾವಿರಾರು ಮಂದಿಯನ್ನು ಆ ಚರ್ಚುಗಳ ಒಳಗೇ ಕೊಂದರು. ಕೊಂದವರ ಜೊತೆ ಕೈ ಜೋಡಿಸಿದ ಪಾದ್ರಿಗಳೂ ಸನ್ಯಾಸಿನಿಯರೂ ಇದ್ದರು, ಕೆಲವರಿಗೆ ಶಿಕ್ಷೆಯಾಯಿತು. ಪೋಪ್ ಫ್ರಾನ್ಸಿಸ್ 2017ರಲ್ಲಿ ಅದಕ್ಕೆ ದೇವರಲ್ಲಿ ಕ್ಷಮೆ ಬೇಡಿದರು. ಇಪ್ಪತ್ತಮೂರು ವರ್ಷ ತಡವಾಗಿ.

ಆಸ್ಟ್ರಿಯಾದ ರೈತ ಫ್ರಾಂಜ್ ಯಾಗರ್‌ಸ್ಟೆಟರ್ ಅವರ ವಿಷಯದಲ್ಲೂ ಚರ್ಚ್ ತಡಮಾಡಿತು. ಹಿಟ್ಲರನ ಸೈನ್ಯದಲ್ಲಿ ಹೋರಾಡುವುದಿಲ್ಲ ಎಂದರು. ಮನೆಯಲ್ಲಿ ಹೆಂಡತಿ, ಪುಟ್ಟ ಹೆಣ್ಣುಮಕ್ಕಳು. ಅವರು ಹೋಗಿ ಕೇಳಿದ ಬಿಷಪ್, ನಿನ್ನ ಸಂಸಾರ ನೋಡಿಕೋ, ಇದೆಲ್ಲ ನಿರ್ಧರಿಸುವುದು ನಿನ್ನ ಕೆಲಸ ಅಲ್ಲ ಎಂಬ ಅರ್ಥದ ಬುದ್ಧಿವಾದ ಹೇಳಿ ಕಳಿಸಿದರು. 1943ರ ಆಗಸ್ಟ್ 9ರಂದು ಅವರ ತಲೆ ಕಡಿದರು. ಯುದ್ಧ ಮುಗಿದ ಮೇಲೂ ಅವರ ಹೆಂಡತಿ ಫ್ರಾಂಜಿಸ್ಕಾಗೆ ವರ್ಷಗಟ್ಟಲೆ ಪಿಂಚಣಿ ಕೊಡಲಿಲ್ಲ. 2007ರಲ್ಲಿ ಚರ್ಚ್ ಅವರನ್ನು ಧನ್ಯರೆಂದು (ಸಂತ ಪದವಿಗೆ ಮುಂಚಿನ ಹಂತ) ಸಾರಿದಾಗ 94 ವರ್ಷದ ಫ್ರಾಂಜಿಸ್ಕಾ ಅಲ್ಲೇ ಇದ್ದರು. ಅಂದರೆ ಗಂಡನೇ ಸರಿ ಅಂತ ಚರ್ಚ್ ಬಾಯಿಬಿಟ್ಟು ಹೇಳುವುದಕ್ಕೆ ಆಕೆ 64 ವರ್ಷ ಕಾದರು.

ಹಾಗಾಗಿ ಹಕ್ಕಿನ ಮಾತು ಬೇಡ. ಕ್ಯಾಥೋಲಿಕರಲ್ಲಿ ಈ ಕೆಲಸ ಮಾಡಿದ ಬಹಳ ಮಂದಿ ತಮ್ಮ ಚರ್ಚಿನ ಜೊತೆಗೂ ಗುದ್ದಾಡಿದ್ದಾರೆ. ಪಾಕ್ಸ್ ಕ್ರಿಸ್ಟಿ ಎಂಬ ಸಂಘಟನೆ ಹುಟ್ಟಿದ್ದು 1945ರಲ್ಲಿ, ಫ್ರಾನ್ಸಿನಲ್ಲಿ. ಶುರು ಮಾಡಿದವರು ಮಾರ್ತ್ ದೊರ್ತೆಲ್ ಕ್ಲೊದೊ ಎಂಬ ಶಿಕ್ಷಕಿ. ಅವರು ಕೇಳಿದ್ದು ಜರ್ಮನರಿಗಾಗಿ ಪ್ರಾರ್ಥಿಸೋಣ ಎಂದು! ಫ್ರಾನ್ಸಿನ ಊರೂರಿಗೆ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಜೊತೆ ಕೊಟ್ಟವರು ಬಿಷಪ್ ಪಿಯರ್ ಮರಿ ತೇಯಾಸ್. ಯಹೂದಿಗಳ ಮೇಲಿನ ದೌರ್ಜನ್ಯವನ್ನು 1942ರಲ್ಲೇ ಬಹಿರಂಗವಾಗಿ ಖಂಡಿಸಿದವರು, ಆಮೇಲೆ ಜರ್ಮನರ ಸೆರೆಯಲ್ಲಿದ್ದವರು. ಸೆರೆ ಶಿಬಿರದಲ್ಲೂ ಶತ್ರುವನ್ನು ಪ್ರೀತಿಸಿ ಎಂದೇ ಹೇಳಿದರು. ಜೊತೆಗಿದ್ದ ಕೈದಿಗಳಿಗೆ ಅದು ಇಷ್ಟವಾಗಲಿಲ್ಲ. ನನಗೆ ಅದರಲ್ಲಿ ಆಶ್ಚರ್ಯವೂ ಇಲ್ಲ, ಆ ಕೈದಿಗಳ ಬಗ್ಗೆ ಬೇಸರವೂ ಇಲ್ಲ.

ಈ ಪಾಕ್ಸ್ ಕ್ರಿಸ್ಟಿ ಮತ್ತು ವ್ಯಾಟಿಕನ್‌ನ ಒಂದು ಇಲಾಖೆ ಸೇರಿ 2016ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ಒಂದು ಸಭೆ ಕರೆದವು. ಬಂದವರು ಸುಮಾರು 80 ಮಂದಿ, ಬಹಳಷ್ಟು ಜನ ಯುದ್ಧ ಕಂಡ ನಾಡುಗಳಿಂದ. ಕೆಲವು ಷರತ್ತುಗಳಿದ್ದರೆ ಯುದ್ಧ ಸರಿಯೇ ಎನ್ನುವ, ನ್ಯಾಯದ ಯುದ್ಧ ಎಂಬ ಹಳೆಯ ಸಿದ್ಧಾಂತವನ್ನು ಇನ್ನು ಬಿಟ್ಟುಬಿಡಿ, ಯೇಸುವಿನ ಅಹಿಂಸೆಯನ್ನು ನಡುಮನೆಗೆ ತನ್ನಿ ಎಂದು ಚರ್ಚನ್ನು ಕೇಳಿಕೊಂಡರು. ಮರುವರ್ಷದ ಜನವರಿ 1ರ ವಿಶ್ವ ಶಾಂತಿ ದಿನದ ಸಂದೇಶಕ್ಕೆ ಪೋಪ್ ಫ್ರಾನ್ಸಿಸ್ ಅಹಿಂಸೆಯನ್ನೇ ವಿಷಯವಾಗಿ ಆರಿಸಿದರು. ಅದರಲ್ಲಿ ಗಾಂಧೀಜಿ ಇದ್ದಾರೆ, ಖಾನ್ ಅಬ್ದುಲ್ ಗಫಾರ್ ಖಾನ್ ಇದ್ದಾರೆ, ಲೈಬೀರಿಯಾದ ಲೇಮಾ ಗ್ಬೋವೀ ಇದ್ದಾರೆ. 2020ರಲ್ಲಿ ಇನ್ನೂ ಮುಂದೆ ಹೋಗಿ, ನ್ಯಾಯದ ಯುದ್ಧ ಎಂದು ಹೇಳಲು ಹಿಂದಿನವರು ಕೊಟ್ಟ ಕಾರಣಗಳನ್ನು ಇವತ್ತು ಎತ್ತುವುದು ಬಹಳ ಕಷ್ಟ ಎಂದು ಬರೆದರು. ಆದರೆ ಆತ್ಮರಕ್ಷಣೆಗೆ ಅವಕಾಶ ಕೊಡುವ ಬೋಧನೆ ಚರ್ಚಿನ ಪುಸ್ತಕದಲ್ಲಿ ಈಗಲೂ ಇದೆ. ಎರಡೂ ಅಕ್ಕಪಕ್ಕ ಇವೆ, ಜಗಳ ಮುಗಿದಿಲ್ಲ.

ಇದು ನಮ್ಮನ್ನು ನೇರ ಉಕ್ರೇನಿಗೆ ತರುತ್ತದೆ.

ಇಲ್ಲ, ನಾನು ಹೇಳುವುದಿಲ್ಲ. ಬಾಂಬ್ ಬೀಳುತ್ತಿರುವ ಊರಿನವರಿಗೆ ಶಸ್ತ್ರ ಕೆಳಗಿಡಿ ಎಂದು ದೂರದಲ್ಲಿ ಕೂತು ಹೇಳುವ ಬಾಯಿ ನನಗಿಲ್ಲ. ಉಕ್ರೇನಿನ ಕ್ಯಾಥೋಲಿಕ್ ನಾಯಕರೇ ದೇಶದ ರಕ್ಷಣೆಯ ಪರ ನಿಂತಿದ್ದಾರೆ. 2024ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್, ಬಿಳಿ ಬಾವುಟ ಹಿಡಿದು ಮಾತುಕತೆಗೆ ಇಳಿಯುವ ಧೈರ್ಯ ಬೇಕು ಎಂಬ ಅರ್ಥದ ಮಾತಾಡಿದಾಗ ಅಲ್ಲಿಯವರಿಗೆ ತುಂಬ ನೋವಾಯಿತು. ಆಕ್ರಮಣ ಮಾಡಿದವನಿಗೂ ಮಾಡಿಸಿಕೊಂಡವನಿಗೂ ಒಂದೇ ಉಪದೇಶ ಕೊಟ್ಟರೆ ಅದು ಶಾಂತಿಯ ಕೆಲಸವಾಗುವುದಿಲ್ಲ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಅಲ್ಲಿ ಶಸ್ತ್ರ ಬಿಟ್ಟು ಬೇರೇನೂ ನಡೆದಿಲ್ಲ ಅಂದುಕೊಳ್ಳಬೇಡಿ. 2022ರ ಮಾರ್ಚ್‌ನಲ್ಲಿ ಸ್ಲಾವುತಿಚ್ ಪಟ್ಟಣಕ್ಕೆ ರಷ್ಯಾ ಸೈನ್ಯ ನುಗ್ಗಿ ಮೇಯರ್‌ನನ್ನು ಹಿಡಿದಾಗ ಊರಿಗೆ ಊರೇ ಬಾವುಟ ಹಿಡಿದು ಬರಿಗೈಯಲ್ಲಿ ಬೀದಿಗೆ ಬಂತು. ಮೇಯರ್‌ನನ್ನು ಬಿಟ್ಟರು, ಸೈನ್ಯ ಊರು ಬಿಟ್ಟು ಹೋಯಿತು. ಅದು ಎಲ್ಲ ಕಡೆ ಆಗುವಂಥದ್ದಲ್ಲ, ನಿಜ.

ಇನ್ನೊಂದು ಕೆಲಸ ಇನ್ನೂ ನಡೆಯುತ್ತಿದೆ. ಮೊಜಾಂಬಿಕ್ ಮಾತುಕತೆಯ ಮಧ್ಯಸ್ಥರಲ್ಲಿ ಮತ್ತೆಯೊ ಜುಪ್ಪಿ ಎಂಬ ಪಾದ್ರಿಯೂ ಇದ್ದರು. ಈಗ ಅವರು ಬೊಲೋನ್ಯಾದ ಕಾರ್ಡಿನಲ್. 2023ರಲ್ಲಿ ಪೋಪ್ ಅವರನ್ನು ಕೀವ್‌ಗೆ, ಮಾಸ್ಕೋಗೆ, ವಾಷಿಂಗ್ಟನ್‌ಗೆ, ಬೀಜಿಂಗ್‌ಗೆ ಕಳಿಸಿದರು. ಕದನವಿರಾಮ ಸಿಗಲಿಲ್ಲ. ಆದರೆ ಹೆಸರುಗಳ ಪಟ್ಟಿ ಓಡಾಡಲು ಒಂದು ದಾರಿ ಆಯಿತು: ರಷ್ಯಾಕ್ಕೆ ಕೊಂಡೊಯ್ದ ಉಕ್ರೇನಿನ ಮಕ್ಕಳ ಹೆಸರು, ಯುದ್ಧಕೈದಿಗಳ ಹೆಸರು. ಉಕ್ರೇನ್ ಸರ್ಕಾರ ಗುರುತಿಸಿರುವ ಅಂಥ ಮಕ್ಕಳು 19,000ಕ್ಕೂ ಜಾಸ್ತಿ. ಈ ದಾರಿಯಲ್ಲಿ ಮನೆ ಸೇರಿದವರು ಕೆಲವರು ಮಾತ್ರ. ಅವರ ಅಪ್ಪ ಅಮ್ಮಂದಿರಿಗೆ ಅದು ಕಡಿಮೆ ಅನ್ನಿಸಲಾರದು. ಜುಪ್ಪಿ ಮಾಸ್ಕೋದವರ ಜೊತೆ ಕೈ ಕುಲುಕಿದ್ದಕ್ಕೆ ಬೈದವರಿದ್ದಾರೆ. ಕುಲುಕದೆ ಆ ಪಟ್ಟಿಯನ್ನು ಯಾರ ಕೈಗೆ ಕೊಡುವುದು?

ನಿಮ್ಮ ಪತ್ರವನ್ನು ಒಂದು ಅಕ್ಷರವೂ ಬಿಡದೆ ಈ ಸಂಚಿಕೆಯ ಓದುಗರ ಪುಟದಲ್ಲಿ ಹಾಕಿದ್ದೇವೆ. ಈ ಉತ್ತರದಲ್ಲಿ ಎಲ್ಲಿ ಒಪ್ಪುವುದಿಲ್ಲವೋ ಅದನ್ನು ದಯವಿಟ್ಟು ಬರೆಯಿರಿ, ಮುಖ್ಯವಾಗಿ ಉಕ್ರೇನ್ ಬಗ್ಗೆ. ಅದಕ್ಕೂ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ