ಚೀನಾದಲ್ಲಿ ಮೇಷ್ಟರ ಮೊದಲ ತಿಂಗಳು: ಹೆಸರು, ನಂಬರು, ಅಡುಗೆಮನೆ

ಹಾಂಗ್‌ಝೌ ನಗರದ ಶಾಲೆಯೊಂದರಲ್ಲಿ ಫಿಸಿಕ್ಸ್ ಕಲಿಸಲು ಆಗಸ್ಟ್ ಕೊನೆಗೆ ಹೊರಡುತ್ತಿದ್ದೀರಿ, ಝಡ್ ವೀಸಾ (ಕೆಲಸದ ವೀಸಾ) ಬಂದಿದೆ, ಸಸ್ಯಾಹಾರಿ, ಚೀನೀ ಭಾಷೆ ಬಾರದು, ದಿನನಿತ್ಯದ ಬದುಕು ಹೇಗೆ ಎಂದು ಕೇಳಿದ್ದೀರಿ. ಪಾಠ ಮಾಡುವುದು ನಿಮಗೆ ಗೊತ್ತಿರುವ ಕೆಲಸ. ನಮ್ಮವರು ಅಲ್ಲಿ ಮೊದಲ ತಿಂಗಳು ಒದ್ದಾಡುವುದು ಭಾಷೆಗಿಂತ ಹೆಚ್ಚಾಗಿ ತಮ್ಮ ಹೆಸರಿನ ಜೊತೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಚೀನಾದಲ್ಲಿ ಬಾಡಿಗೆ, ಸಂಬಳ, ರೈಲು, ತರಕಾರಿ ಎಲ್ಲವೂ ಮೊಬೈಲಿನಿಂದ ನಡೆಯುತ್ತದೆ. ಮೊಬೈಲ್ ನಂಬರು, ಬ್ಯಾಂಕ್ ಖಾತೆ, ಅಲಿಪೇ (ಹಣ ಪಾವತಿಯ ಆ್ಯಪ್), ವೀಚ್ಯಾಟ್ (ಸಂದೇಶ, ಪಾವತಿ ಎರಡಕ್ಕೂ ಬಳಸುವ ಆ್ಯಪ್) ಈ ನಾಲ್ಕರಲ್ಲೂ ನಿಮ್ಮ ಹೆಸರು ಅಕ್ಷರಶಃ ಒಂದೇ ಇರಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಸೇರಿ ಮೂರು ಪದ ಆಗಿರುತ್ತದೆ. ಬ್ಯಾಂಕಿನವರು ಸರ್‌ನೇಮ್ ಮೊದಲು ಹಾಕುತ್ತಾರೆ, ಸಿಮ್ ಕೊಡುವವರು ಕೊನೆಗೆ. ಒಬ್ಬರು ಪದಗಳ ನಡುವೆ ಜಾಗ ಬಿಡುತ್ತಾರೆ, ಇನ್ನೊಬ್ಬರು ಎಲ್ಲ ಕೂಡಿಸಿ ಬರೆಯುತ್ತಾರೆ. ಆಮೇಲೆ ವೀಚ್ಯಾಟ್‌ಗೆ ಕಾರ್ಡ್ ಜೋಡಿಸಲು ಹೋದರೆ 'ಮಾಹಿತಿ ಹೊಂದುತ್ತಿಲ್ಲ' ಎಂದು ಬರುತ್ತದೆ, ಏನು ತಪ್ಪಿದೆ ಎಂದು ಹೇಳುವುದಿಲ್ಲ. ಕೌಂಟರಿನಿಂದ ಏಳುವ ಮೊದಲೇ ಹೆಸರು ಹೇಗೆ ದಾಖಲಾಗಿದೆ ಎಂಬುದನ್ನು ಮುದ್ರಿಸಿ ಕೊಡಲು ಕೇಳಿ, ಫೋಟೊ ತೆಗೆದುಕೊಳ್ಳಿ. ಸಿಮ್ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಅದೇ ಕ್ರಮ, ಅದೇ ದೊಡ್ಡಕ್ಷರ, ಅದೇ ಅಂತರ ಇರಲಿ.

ಇನ್ನು ಕೆಲಸಗಳ ಸರದಿ. ಇಳಿದ 24 ಗಂಟೆಯೊಳಗೆ ವಾಸದ ನೋಂದಣಿ ಆಗಬೇಕು. ಹೋಟೆಲಿನಲ್ಲಿದ್ದರೆ ಅವರೇ ಮಾಡುತ್ತಾರೆ. ಮನೆಯಲ್ಲಾದರೆ ನೀವೇ ಬಡಾವಣೆಯ ಪೊಲೀಸ್ ಠಾಣೆಗೆ ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿ ಮತ್ತು ಮನೆಪತ್ರದ ಪ್ರತಿ ಹಿಡಿದು ಹೋಗಬೇಕು. ತಪ್ಪಿದರೆ 2,000 ಯುವಾನ್‌ವರೆಗೆ ದಂಡ ಇದೆ. ಹೋಟೆಲಿನಿಂದ ಮನೆಗೆ ಬಂದಾಗ ಮತ್ತೆ ಮಾಡಿಸಬೇಕು, ಇದನ್ನೇ ಹಲವರು ಮರೆಯುತ್ತಾರೆ.

ಆಮೇಲೆ ಸಿಮ್, ಸಾಧ್ಯವಾದರೆ ಬ್ಯಾಂಕ್ ಖಾತೆ, ಅದಾದ ಮೇಲೆ ವೈದ್ಯಕೀಯ ತಪಾಸಣೆ, ವರ್ಕ್ ಪರ್ಮಿಟ್, ಕೊನೆಗೆ ರೆಸಿಡೆನ್ಸ್ ಪರ್ಮಿಟ್. ತಪಾಸಣೆಗೆ ಖಾಲಿ ಹೊಟ್ಟೆಯಲ್ಲಿ ಹೋಗಿ: ರಕ್ತ, ಎದೆಯ ಎಕ್ಸ್‌ರೇ, ಇಸಿಜಿ, ಸ್ಕ್ಯಾನಿಂಗ್ ಇರುತ್ತದೆ. ಈ ಸರದಿಗೆ ಕಾರಣ ಇದೆ. ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಕೊಟ್ಟಾಗ ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಂಡು ರಸೀದಿ ಕೊಡುತ್ತಾರೆ, ವಾಪಸ್ಸು ಬರಲು ಎರಡು ಮೂರು ವಾರ ಹಿಡಿಯಬಹುದು. ಅಷ್ಟರೊಳಗೆ ಸಿಮ್ ಇಲ್ಲದಿದ್ದರೆ ಒಂದು ಪ್ಯಾಕೆಟ್ ಹಾಲು ಕೊಳ್ಳಲೂ ಕಷ್ಟ. ಕೆಲವು ಬ್ಯಾಂಕ್ ಶಾಖೆಗಳು ಪರ್ಮಿಟ್ ನೋಡಿಯೇ ಖಾತೆ ತೆರೆಯುತ್ತವೆ. ಹಾಗಾಗಿ ಶಾಲೆಯ ಸಂಬಳ ಹೋಗುವ ಶಾಖೆಗೇ ಶಾಲೆಯವರನ್ನು ಕರೆದುಕೊಂಡು ಹೋಗಿ. ನಮ್ಮ ಪ್ಯಾನ್ ನಂಬರು ಕೇಳುತ್ತಾರೆ, ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಝಡ್ ವೀಸಾ ಒಂದೇ ಪ್ರವೇಶಕ್ಕೆ, 30 ದಿನದೊಳಗೆ ಪರ್ಮಿಟ್‌ಗೆ ಅರ್ಜಿ ಹೋಗಲೇಬೇಕು. ಆ ನಡುವೆ ಹಾಂಗ್‌ಕಾಂಗ್ ನೋಡಿಬರೋಣ ಎಂದು ಹೊರಟರೆ ಅದು ದೇಶ ಬಿಟ್ಟ ಲೆಕ್ಕ. ವೀಸಾ ಮುಗಿಯಿತು, ಮತ್ತೆ ಮೊದಲಿನಿಂದ.

ಮನೆ ಬಾಡಿಗೆಗೆ ಸಾಮಾನ್ಯ ಪದ್ಧತಿ ಒಂದು ತಿಂಗಳ ಠೇವಣಿ, ಮೂರು ತಿಂಗಳ ಬಾಡಿಗೆ ಮುಂಗಡ. ಮೇಲೆ ದಲ್ಲಾಳಿ ಕಮಿಷನ್. ಮೊದಲ ಸಂಬಳ ತಿಂಗಳು ಕಳೆದೇ ಬರುವುದರಿಂದ ಸುಮಾರು ಐದು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿರಬೇಕು. ಖಾತೆ ಆಗುವವರೆಗೆ ಭಾರತದ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡನ್ನು ಅಲಿಪೇಗೆ ಜೋಡಿಸಿ. 200 ಯುವಾನ್‌ವರೆಗಿನ ಪಾವತಿಗೆ ಶುಲ್ಕವಿಲ್ಲ, ಅದಕ್ಕೆ ಮೇಲ್ಪಟ್ಟರೆ 3% ಹೋಗುತ್ತದೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಇಲ್ಲಿಂದಲೇ ಆನ್ ಮಾಡಿಕೊಂಡು ಹೋಗಿ.

ಮನೆಯವರ ಜೊತೆ ಮಾತಾಡುವುದನ್ನು ಮೊದಲೇ ಯೋಚಿಸಿ, ಏಕೆಂದರೆ ಎರಡೂ ಕಡೆ ಬಾಗಿಲು ಮುಚ್ಚಿದೆ. ಚೀನಾದಲ್ಲಿ ವಾಟ್ಸಾಪ್, ಗೂಗಲ್, ಯೂಟ್ಯೂಬ್ ತೆರೆಯುವುದಿಲ್ಲ. ಭಾರತದಲ್ಲಿ 2020ರ ಜೂನ್‌ನಲ್ಲಿ ವೀಚ್ಯಾಟ್ ನಿಷೇಧವಾಗಿದೆ, ಅಮ್ಮನ ಫೋನಿಗೆ ಅದನ್ನು ಹಾಕಿಕೊಡಲಾಗದು. ಆದರೆ ಭಾರತದ ಸಿಮ್‌ನ ರೋಮಿಂಗ್ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕವೇ ಹೋಗುವುದರಿಂದ ಅದರಲ್ಲಿ ವಾಟ್ಸಾಪ್ ನಡೆಯುತ್ತದೆ. ಎರಡು ಸಿಮ್ ಹಿಡಿಯುವ ಫೋನ್ ಒಯ್ಯಿರಿ. ಭಾರತದ ನಂಬರನ್ನು ಜೀವಂತ ಇಡಲೇಬೇಕು, ಇಲ್ಲಿನ ಬ್ಯಾಂಕುಗಳ ಓಟಿಪಿ ಅದಕ್ಕೇ ಬರುತ್ತದೆ. ಐಫೋನ್ ಆದರೆ ಭಾರತದ ಆಪ್ ಸ್ಟೋರಿನಲ್ಲಿ ವೀಚ್ಯಾಟ್ ಕಾಣಿಸದು, ಪ್ರದೇಶ ಬದಲಿಸಬೇಕು. ಹೊಸ ವೀಚ್ಯಾಟ್ ಖಾತೆಗೆ ಹಳೆಯ ಬಳಕೆದಾರರೊಬ್ಬರು ಕ್ಯೂಆರ್ ಸ್ಕ್ಯಾನ್ ಮಾಡಿ ಸಾಕ್ಷಿ ಹೇಳಬೇಕಾಗಬಹುದು. ಶಾಲೆಯ ಸಹೋದ್ಯೋಗಿಯನ್ನು ಕೇಳಿ, ಸಂಕೋಚ ಬೇಡ.

ಈಗ ಊಟ. ಅಲ್ಲಿ ಸಸ್ಯಾಹಾರಿ ಬದುಕಲಾರ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಷ್ಟು ಬಗೆಯ ಸೊಪ್ಪು, ಅಣಬೆ, ತೋಫು ಸಿಗುವ ನಾಡು ಕಡಿಮೆ. ತೊಂದರೆ ಇರುವುದು ನಾವು ಹೇಳುವ ಮಾತಿನಲ್ಲಿ. 'ಮಾಂಸ ಬೇಡ' ಎಂದರೆ ಅಲ್ಲಿನ ಅಡುಗೆಯವರಿಗೆ ಮಾಂಸದ ತುಂಡು ಬೇಡ ಎಂದಷ್ಟೇ ಅರ್ಥ. ಹುರಿದ ಹುರುಳಿಕಾಯಿಯ ಮೇಲೆ ಉದುರಿಸುವ ಹಂದಿ ಕೈಮಾ, ಸೊಪ್ಪಿಗೆ ಹಾಕುವ ಹಂದಿಕೊಬ್ಬು, ಸಿಂಪಿ ಸಾಸ್, ಕೋಳಿರಸದ ಪುಡಿ ಇವು ಅವರ ಲೆಕ್ಕದಲ್ಲಿ ರುಚಿಗೆ ಹಾಕುವ ಸಾಮಾನು. ಈ ನಾಲ್ಕನ್ನೂ ಹೆಸರಿಸಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಸೇರಿಸಿ, ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಂಡು ತೋರಿಸಿ. ಬೌದ್ಧ ದೇವಾಲಯಗಳ ಬಳಿಯ ಸಸ್ಯಾಹಾರಿ ಊಟದ ಮನೆಗಳಲ್ಲಿ ಈ ಭಯವಿಲ್ಲ. ಹಾಂಗ್‌ಝೌನ ಲಿಂಗಿನ್ ದೇವಾಲಯದ ಸುತ್ತ ನೋಡಿ. ಶಾಲೆಯ ಕ್ಯಾಂಟೀನಿನಲ್ಲಿ ಮಾತ್ರ ಒಂದೇ ಸೌಟು ಎಲ್ಲ ತಟ್ಟೆಗೂ ಓಡಾಡುತ್ತದೆ. ಅದು ಆಗದವರಿಗೆ ಡಬ್ಬಿಯೇ ಗತಿ.

ಮನೆಯಲ್ಲಿ ಅಡುಗೆಗೆ ಇಂಡಕ್ಷನ್ ಒಲೆಗೆ ಹೊಂದುವ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಶಿಕ್ಷಕರ ವಸತಿಯಲ್ಲಿ ಗ್ಯಾಸ್ ಇಲ್ಲದಿರಬಹುದು, ಬರೀ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಸೂಪರ್ ಮಾರ್ಕೆಟಿನ ಈಶಾನ್ಯದ ಅಕ್ಕಿ ಗಿಡ್ಡ, ಅಂಟು, ಚಿತ್ರಾನ್ನಕ್ಕೆ ಮುದ್ದೆಯಾಗುತ್ತದೆ. 'ಸಿಮಿಯಾವ್' ಎಂಬ ತೆಳು ಉದ್ದಕ್ಕಿ ಕೇಳಿ. ಹೆಸರುಕಾಳು, ಕೊತ್ತಂಬರಿ, ಶುಂಠಿ ಎಲ್ಲೆಡೆ ಸಿಗುತ್ತವೆ, ತೊಗರಿಬೇಳೆಯನ್ನು ಟಾವ್‌ಬಾವ್ ಎಂಬ ಆನ್‌ಲೈನ್ ಅಂಗಡಿಯಿಂದ ತರಿಸಬೇಕು. ಪಕ್ಕದ ಶಾವೋಶಿಂಗ್‌ನ ಕೆಚಾವ್ ಬಟ್ಟೆ ವ್ಯಾಪಾರದ ಕೇಂದ್ರ, ಭಾರತೀಯ ವ್ಯಾಪಾರಿಗಳು ಹೆಚ್ಚಿರುವುದರಿಂದ ನಮ್ಮ ಸಾಮಾನಿನ ಅಂಗಡಿ, ಹೋಟೆಲುಗಳೂ ಅಲ್ಲಿವೆ. ಸಾರಿನ ಪುಡಿ, ಹುಳಿಪುಡಿ, ಇಂಗು ಊರಿಂದಲೇ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ಬೆಣ್ಣೆ ತುಪ್ಪ ಬೇಡ, ತಾಜಾ ಸಸ್ಯ ಮತ್ತು ಹಾಲಿನ ಪದಾರ್ಥಕ್ಕೆ ಕಸ್ಟಮ್ಸ್‌ನಲ್ಲಿ ನಿಷೇಧವಿದೆ.

ಮೊಸರಿಗೆ ಒಂದು ಮಾತು. ಕಪಾಟಿನಲ್ಲಿ, ಫ್ರಿಜ್‌ನ ಹೊರಗಿಟ್ಟಿರುವ ಮೊಸರನ್ನು ಮತ್ತೆ ಕಾಯಿಸಿ ತುಂಬಿರುತ್ತಾರೆ, ಅದರಲ್ಲಿ ಹೆಪ್ಪಿನ ಜೀವವೇ ಇರುವುದಿಲ್ಲ. ಎಷ್ಟು ಹಾಕಿದರೂ ಹಾಲು ಹೆಪ್ಪುಗಟ್ಟದು. ತಣ್ಣನೆ ಕಪಾಟಿನದು, ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪು ಮಾತ್ರ ಇರುವುದು ತನ್ನಿ. ಅರ್ಧ ಲೀಟರ್ ಹಾಲು ಕಾಯಿಸಿ ಉಗುರುಬೆಚ್ಚಗಾದಾಗ ಒಂದು ಚಮಚ ಹಾಕಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಾತ್ರೆಯನ್ನು ಟವೆಲ್‌ನಲ್ಲಿ ಸುತ್ತಿ ಮುಚ್ಚಿದ ರೈಸ್ ಕುಕ್ಕರ್ ಒಳಗಿಡಿ. ಏಕೆಂದರೆ ಹಾಂಗ್‌ಝೌ ಹ್ವಾಯ್ ನದಿಯ ದಕ್ಷಿಣಕ್ಕಿದೆ, ಬೀಜಿಂಗ್‌ನಂತೆ ಸರ್ಕಾರಿ ಹೀಟಿಂಗ್ ಇಲ್ಲ. ತರಗತಿಯಲ್ಲೂ ಮಕ್ಕಳು ಜಾಕೆಟ್ ಹಾಕಿಕೊಂಡೇ ಕೂರುತ್ತಾರೆ. ಒಳಗೆ ತೊಡುವ ಥರ್ಮಲ್ ಬಟ್ಟೆ ಅಲ್ಲೇ ಕೊಳ್ಳಿ.

ಶಾಲೆಯ ಬಗ್ಗೆ ಎರಡೇ ವಿಷಯ. ಹಬ್ಬದ ರಜೆಗಳನ್ನು ಉದ್ದ ಮಾಡಲು ಶನಿವಾರ, ಭಾನುವಾರ ಕೆಲಸ ಮಾಡಿಸುತ್ತಾರೆ, ಆಗ ವಾರದ ಯಾವ ದಿನದ ಪಾಠ ನಡೆಯುತ್ತದೆ ಎಂದು ಮೊದಲೇ ಕೇಳಿ. ಇನ್ನೊಂದು, ಪರಿಚಯದ ಪೋಷಕರು ಮನೆಪಾಠಕ್ಕೆ ಕರೆದರೆ ಹೋಗಬೇಡಿ. ಪರ್ಮಿಟ್‌ನಲ್ಲಿರುವ ಶಾಲೆಯ ಹೊರಗೆ ದುಡಿದರೆ 5,000ದಿಂದ 20,000 ಯುವಾನ್ ದಂಡ, ಗಂಭೀರವಾದರೆ ಬಂಧನ.

ಸಂಬಳದ ಚೀಟಿ ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ 5,000 ಯುವಾನ್‌ಗೆ ತೆರಿಗೆಯಿಲ್ಲ. ಆದರೆ ಜನವರಿಯಿಂದ ತೆರಿಗೆಯನ್ನು ವರ್ಷದ ಒಟ್ಟು ಮೊತ್ತಕ್ಕೆ ಕೂಡಿಸುತ್ತ ಹಿಡಿಯುತ್ತಾರೆ. 20,000 ಸಂಬಳಕ್ಕೆ, ವಿಮೆ ಬಿಟ್ಟು ಲೆಕ್ಕ ಹಾಕಿದರೆ, ಜನವರಿಯಲ್ಲಿ 450, ಏಪ್ರಿಲ್‌ನಲ್ಲಿ 1,500, ಡಿಸೆಂಬರ್‌ನಲ್ಲಿ 3,000 ಹೋಗುತ್ತದೆ. ತೆರಿಗೆ ಕಟ್ಟಿದ ಪ್ರಮಾಣಪತ್ರ, ಕರಾರು, ಪಾಸ್‌ಪೋರ್ಟ್ ಇದ್ದರೆ ಬ್ಯಾಂಕಿನಿಂದಲೇ ಊರಿಗೆ ಹಣ ಕಳಿಸಬಹುದು. ಹಾಗಾಗಿ ಆ ಪ್ರಮಾಣಪತ್ರವನ್ನು ಪ್ರತಿ ತಿಂಗಳೂ ಇಳಿಸಿಕೊಂಡು ಜೋಪಾನ ಮಾಡಿ.

ಹೊರಡುವ ಮೊದಲು ಪಾಸ್‌ಪೋರ್ಟಿನ ಅವಧಿ ನೋಡಿ. ಕರಾರಿನ ನಡುವೆ ಮುಗಿಯುವಂತಿದ್ದರೆ ಇಲ್ಲೇ ನವೀಕರಿಸಬೇಕಿತ್ತು. ಈಗ ವೀಸಾ ಅಂಟಿಸಿಯಾಗಿದ್ದರೆ, ಹೊಸ ಪಾಸ್‌ಪೋರ್ಟ್ ಬಂದ ವಾರದಲ್ಲೇ ಹಳೆಯದನ್ನೂ ಹಿಡಿದು ಪೊಲೀಸ್ ಠಾಣೆ, ಬ್ಯಾಂಕ್, ಸಿಮ್ ಅಂಗಡಿ ಮೂರಕ್ಕೂ ಹೋಗಿ ಪಾಸ್‌ಪೋರ್ಟ್ ನಂಬರು ಬದಲಾಯಿಸಿಕೊಳ್ಳಿ. ಹಳೆಯ ಪಾಸ್‌ಪೋರ್ಟಿನ ದಿನಾಂಕ ಮುಗಿದ ಕೂಡಲೇ ಬ್ಯಾಂಕ್ ಖಾತೆ ತಡೆಹಿಡಿಯಬಹುದು, ಆಗ ಸಂಬಳ ಖಾತೆಯಲ್ಲಿದ್ದರೂ ತರಕಾರಿಗೆ ದುಡ್ಡಿರುವುದಿಲ್ಲ.