ನ್ಯೂಟ್ರಲ್ ಏಕೆ ಬಿಸಿಯಾಯಿತು?

ಪ್ರಶ್ನೆ: ನನಗೆ 28 ವರ್ಷ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರೀಷಿಯನ್ ಟ್ರೇಡ್ ಮುಗಿಸಿದೆ. ವೈರ್‌ಮನ್ ಪರ್ಮಿಟ್ ಇದೆ. ಒಂಬತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ದೊಡ್ಡ ಕಟ್ಟಡಗಳ ವೈರಿಂಗ್ ಮಾಡುತ್ತಿದ್ದೇನೆ. ಹೋದ ತಿಂಗಳು ನಾಲ್ಕಂತಸ್ತಿನ ಕಚೇರಿಯೊಂದರ ಪ್ಯಾನೆಲ್‌ನಲ್ಲಿ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿತ್ತು. ಕ್ಲ್ಯಾಂಪ್ ಮೀಟರ್ ಹಾಕಿದರೆ ಮೂರು ಫೇಸ್‌ಗಳಲ್ಲೂ 40 ಆಂಪಿಯರ್, ನ್ಯೂಟ್ರಲ್‌ನಲ್ಲಿ 49. ಲೋಡ್ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಇರುವುದಿಲ್ಲ ಎಂದು ಕಲಿತವನು ನಾನು. ಸೈಟಿನ ಎಂಜಿನಿಯರ್ ಅವರನ್ನು ಕೇಳಿದೆ. 'ಹೇಳಿದರೂ ನಿನಗೆ ಅರ್ಥವಾಗುವುದಿಲ್ಲ, ದಪ್ಪ ವೈರ್ ಎಳೆ' ಎಂದರು. ಅಂದಿನಿಂದ ಬಿಲ್ಡಿಂಗ್ ಸರ್ವಿಸಸ್ ಎಂಜಿನಿಯರಿಂಗ್ (ಕಟ್ಟಡದ ವಿದ್ಯುತ್, ಎಸಿ, ಲಿಫ್ಟ್ ಮುಂತಾದವುಗಳ ವಿನ್ಯಾಸ) ಓದಬೇಕು ಎನ್ನಿಸಿದೆ. ಮದುವೆಯಾಗಿದೆ, ಮಗುವಿದೆ, ಗಣಿತವೆಂದರೆ ಭಯ. ಸಾಧ್ಯವೇ?
– ಹೆಸರು ಬೇಡ, ಪೀಣ್ಯ

ಉತ್ತರ: ಮೊದಲು ಆ ನ್ಯೂಟ್ರಲ್ ವಿಷಯ. ನಿಮಗೆ ಖಂಡಿತ ಅರ್ಥವಾಗುತ್ತದೆ.

ಹೀಟರ್ ಅಥವಾ ಹಳೆಯ ಬಲ್ಬು ಕರೆಂಟನ್ನು ನುಣುಪಾದ ಅಲೆಯಾಗಿ ಎಳೆಯುತ್ತದೆ. ಕಂಪ್ಯೂಟರ್, ಎಲ್‌ಇಡಿ ಡ್ರೈವರ್ ಹಾಗಲ್ಲ. ವೋಲ್ಟೇಜ್ ಅಲೆ ನೆತ್ತಿಗೆ ಬಂದಾಗ ಮಾತ್ರ ಗಬಕ್ಕನೆ ಒಂದು ಗುಟುಕು ಹೀರುತ್ತವೆ. ಆ ಗುಟುಕಿನೊಳಗೆ 50 ಹರ್ಟ್ಸ್ ಜೊತೆಗೆ 150 ಹರ್ಟ್ಸ್‌ನ ಕರೆಂಟೂ ಇರುತ್ತದೆ. ಅದೇ ಮೂರನೆಯ ಹಾರ್ಮೋನಿಕ್. ಮೂರು ಫೇಸ್‌ಗಳ ನಡುವೆ 120 ಡಿಗ್ರಿ ಅಂತರವಿರುವುದರಿಂದ 50 ಹರ್ಟ್ಸ್‌ನ ಕರೆಂಟುಗಳು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ನೀವು ಕಲಿತದ್ದು ಇದನ್ನೇ, ಅದು ತಪ್ಪಲ್ಲ. ಆದರೆ 150 ಹರ್ಟ್ಸ್‌ಗೆ ಆ ಅಂತರ ಮೂರು ಪಟ್ಟು, ಅಂದರೆ 360 ಡಿಗ್ರಿ, ಪೂರ್ತಿ ಒಂದು ಸುತ್ತು. ಮೂರೂ ಒಂದೇ ಹೆಜ್ಜೆಯಲ್ಲಿ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ. ಪ್ರತಿ ಫೇಸ್‌ನ 40ರಲ್ಲಿ ಇದರ ಪಾಲು 16 ಆಂಪಿಯರ್‌ಗಿಂತ ತುಸು ಹೆಚ್ಚಿದ್ದರೂ ಸಾಕು, ನಿಮ್ಮ 49 ಸಿಕ್ಕಿತು. ನೀವು ದಿನವೂ ಎಳೆಯುವ ಮೂರೂವರೆ ಕೋರ್ ಕೇಬಲ್ ನೆನಪಿಸಿಕೊಳ್ಳಿ. ಫೇಸ್ 25 ಚದರ ಮಿಲಿಮೀಟರ್, ನ್ಯೂಟ್ರಲ್ 16. ಮೋಟಾರು, ಹೀಟರುಗಳ ಲೋಡಿಗೆ ಆ 'ಅರೆ' ಸಾಕಾಗುತ್ತಿತ್ತು. ಕಂಪ್ಯೂಟರ್ ತುಂಬಿದ ಮಹಡಿಗೆ ಸಾಲದು.

ಕಂದಿದ ವೈರನ್ನು ನೋಡಿ, ಅಳೆದು, ಲೆಕ್ಕ ಹೊಂದುತ್ತಿಲ್ಲವಲ್ಲ ಎಂದು ಕೇಳಿದಿರಿ. ಎಂಜಿನಿಯರಿಂಗ್ ಶುರುವಾಗುವುದೇ ಅಲ್ಲಿಂದ. ನಿಮಗೆ ಬಂದ ಉತ್ತರ ಓದಿ ನನಗೆ ನಿಜಕ್ಕೂ ಬೇಸರವಾಯಿತು.

ಇನ್ನು ದಾರಿ. ಬಿಲ್ಡಿಂಗ್ ಸರ್ವಿಸಸ್ ಎಂಬ ಹೆಸರಿನ ಪದವಿಯನ್ನು ಹುಡುಕುತ್ತಾ ಕೂರಬೇಡಿ. ಬ್ರಿಟನ್ನಿನಲ್ಲಿ ಅದು ಪ್ರತ್ಯೇಕ ವೃತ್ತಿ, ಅದಕ್ಕೊಂದು ಚಾರ್ಟರ್ಡ್ ಸಂಸ್ಥೆಯೂ ಇದೆ. ನಮ್ಮಲ್ಲಿ ಹೆಚ್ಚಿನವರು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಓದಿ ಈ ಕೆಲಸಕ್ಕೆ ಬರುತ್ತಾರೆ. ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಪ್ರವೇಶದಲ್ಲಿ ಡಿಪ್ಲೊಮಾದ ಎರಡನೆಯ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಆದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೆಯ ವರ್ಷಕ್ಕೆ. ಎರಡು ಮತ್ತು ಮೂರು, ಒಟ್ಟು ಐದು ವರ್ಷ. ಕೆಲಸದಲ್ಲಿರುವವರಿಗೆ ಅನುಕೂಲವಾದ ಸಮಯದಲ್ಲಿ ತರಗತಿ ನಡೆಸಲು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2023ರಿಂದ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ನಿಮಗೆ ಹತ್ತಿರದ ಕಾಲೇಜುಗಳಲ್ಲಿ ವಿಚಾರಿಸಿ. ಐದು ವರ್ಷವನ್ನು ಒಮ್ಮೆಗೇ ಲೆಕ್ಕ ಹಾಕಿ ಮನೆಯವರನ್ನು ಹೆದರಿಸಬೇಡಿ. ಡಿಪ್ಲೊಮಾ ಒಂದನ್ನೇ ಮುಗಿಸಿದರೂ ವಿದ್ಯುತ್ ಪರಿವೀಕ್ಷಣಾಲಯದ ಸೂಪರ್‌ವೈಸರ್ ಪರ್ಮಿಟ್ ಕಡೆಗೆ ಬಾಗಿಲು ತೆರೆಯುತ್ತದೆ. ವೈರ್‌ಮನ್ ಪರ್ಮಿಟ್ ಅವಧಿ ಮುಗಿಯಲು ಮಾತ್ರ ಬಿಡಬೇಡಿ. ಓದುವಾಗ ಮನೆ ನಡೆಸುವುದು ಅದೇ.

ಲ್ಯಾಟರಲ್ ಪ್ರವೇಶದಲ್ಲಿ ತೊಡಕೊಂದಿದೆ. ಮೊದಲ ವರ್ಷ ತಪ್ಪಿದರೆ ಮೊದಲ ವರ್ಷದ ಗಣಿತವೂ ತಪ್ಪುತ್ತದೆ. ನಾನೂ ಐಟಿಐನಿಂದ ಬಂದವನು. 26ನೆಯ ವಯಸ್ಸಿನಲ್ಲಿ ಪಾಲಿಟೆಕ್ನಿಕ್‌ನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ ಮೇಷ್ಟ್ರು ಬೋರ್ಡಿನ ಮೇಲೆ 'ಜೆ' ಎಂದು ಬರೆದರು. ಹದಿನೇಳರ ಹುಡುಗರೆಲ್ಲ ಬರೆದುಕೊಂಡರು. ನನಗೆ ಅದು ಅಕ್ಷರವೋ ಅಂಕಿಯೋ ತಿಳಿಯಲಿಲ್ಲ. (ಮೈನಸ್ ಒಂದರ ವರ್ಗಮೂಲಕ್ಕೆ ಎಲೆಕ್ಟ್ರಿಕಲ್‌ನವರು ಬಳಸುವ ಗುರುತು ಅದು.) ಪಕ್ಕದ ಮನೆಯ ಹುಡುಗಿಯಿಂದ ಪಿಯುಸಿ ಗಣಿತದ ಪುಸ್ತಕ ಪಡೆದು, ರಾತ್ರಿ ಊಟವಾದ ಮೇಲೆ ತ್ರಿಕೋನಮಿತಿಯಿಂದ ಶುರುಮಾಡಿದೆ. ನಾಲ್ಕು ತಿಂಗಳು ಹಿಡಿಯಿತು. ನೀವು ಸೇರುವ ಮುಂಚೆಯೇ ಶುರುಮಾಡಿ: ತ್ರಿಕೋನಮಿತಿ, ಕಾಂಪ್ಲೆಕ್ಸ್ ಸಂಖ್ಯೆ, ಆಮೇಲೆ ಕಲನಶಾಸ್ತ್ರ.

ಜೊತೆಗೆ ಸೈಟಿನ ಕೆಲಸವನ್ನೇ ಲೆಕ್ಕವಾಗಿಸಿ. ಪ್ಯಾನೆಲ್‌ನಿಂದ 30 ಮೀಟರ್ ದೂರದಲ್ಲಿ 3 ಕಿಲೋವ್ಯಾಟ್ ಗೀಸರ್, 230 ವೋಲ್ಟ್, 13 ಆಂಪಿಯರ್. ನೀವು 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದಿದ್ದೀರಿ. ಆ ವೈರಿನ ರೋಧ ಕಿಲೋಮೀಟರಿಗೆ 7.41 ಓಮ್. ಹೋಗಿ ಬರುವ 60 ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 6 ವೋಲ್ಟ್ ಇಳಿಯುತ್ತದೆ. ವೈರ್ ಬಿಸಿಯಾಗಿ 70 ಡಿಗ್ರಿ ಮುಟ್ಟಿದರೆ ಹತ್ತಿರಹತ್ತಿರ 7. ಈ ಒಂದು ವೋಲ್ಟ್ ಎಲ್ಲಿಂದ ಬಂತೆಂದು ಕಾಗದದ ಮೇಲೆ ನೀವೇ ಬಿಡಿಸಿ. ವೈರಿಂಗ್ ಸಂಹಿತೆಯಾದ ಐಎಸ್ 732 ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಬಿಗಿಯಾಗಿದೆ, ದಿನಕ್ಕೊಂದು ಪುಟ ಸಾಕು. ನೀವು ಕೈಯಾರೆ ಮಾಡಿದ ಕೆಲಸವೇ ಅಲ್ಲಿ ವಾಕ್ಯವಾಗಿ ಎದುರಾಗುತ್ತದೆ.

ಸೈಟಿನಲ್ಲಿ ಲಿಫ್ಟಿನವರು, ಎಸಿಯವರು, ಫೈರ್ ಪಂಪಿನವರು ಕೆಲಸ ಮಾಡುವಾಗಲೂ ನಿಂತು ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಎಂಟನೆಯ ಭಾಗ ಬೆಳಕು, ವಿದ್ಯುತ್, ಹವಾನಿಯಂತ್ರಣ, ಲಿಫ್ಟುಗಳನ್ನು ಒಟ್ಟಿಗೇ ಇಟ್ಟಿದೆ. ಏಕೆಂದರೆ ಸೀಲಿಂಗ್ ಮೇಲಿರುವ ಒಂದೂವರೆ ಅಡಿ ಜಾಗ ಎಲ್ಲರಿಗೂ ಬೇಕು. ನಕ್ಷೆಯಲ್ಲಿ ಕೇಬಲ್ ಟ್ರೇ ನೇರವಾಗಿ ಎಸಿ ಗಾಳಿಯ ಡಕ್ಟಿನೊಳಗೆ ನುಗ್ಗಿರುವುದನ್ನು ನಿಮ್ಮಂಥವರು ಒಂದೇ ನೋಟಕ್ಕೆ ಹಿಡಿಯುತ್ತೀರಿ. ಅದನ್ನು ಯಾವ ತರಗತಿಯೂ ನನಗೆ ಕಲಿಸಲಿಲ್ಲ, ಏಣಿಯ ಮೇಲೆ ನಿಂತು ಕಲಿತೆ.

ಕೊನೆಗೊಂದು ಕೋರಿಕೆ. ಆ ಕಚೇರಿಗೆ ಮತ್ತೆ ಹೋದಾಗ ನಿಮ್ಮ ಕ್ಲ್ಯಾಂಪ್ ಮೀಟರಿನ ಮೇಲೆ 'ಟ್ರೂ ಆರ್‌ಎಂಎಸ್' (ಅಲೆ ಯಾವ ಆಕಾರದಲ್ಲಿದ್ದರೂ ಸರಿಯಾಗಿ ಅಳೆಯುವಂಥದ್ದು) ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಇಂಥ ಗುಟುಕು ಕರೆಂಟನ್ನು ಅದು ತಪ್ಪಾಗಿ ತೋರಿಸುತ್ತದೆ. ಆಗ ಟ್ರೂ ಆರ್‌ಎಂಎಸ್ ಮೀಟರ್ ಎರವಲು ತಂದು ಇನ್ನೊಮ್ಮೆ ಅಳೆದು, ನಾಲ್ಕೂ ಅಂಕಿಗಳನ್ನು ನನಗೆ ಬರೆದು ಕಳುಹಿಸಿ.