ಸೂರಕ್ಕಿ ಮರೀನೋ, ಪತಂಗಾನೋ?

ಪ್ರಶ್ನೆ: ನಮಸ್ಕಾರ್ರಿ ಸರ್, ನಮ್ಮ ಮನಿ ಮುಂದ ಇಕ್ಸೋರಾ ಗಿಡ ಐತಿ, ಮುಂಜಾನಿ ಕರಿ-ನೀಲಿ ಮಿಂಚೋ ಸೂರಕ್ಕಿ ಬರ್ತೈತಿ, ಅದರ ಜೋಡಿ ಇನ್ನೊಂದು ಬರ್ತೈತ್ರಿ, ಹೆಬ್ಬೆಟ್ಟಿನಷ್ಟು ಇರ್ಬೋದು, ಹಸರ ಮೈ, ಸೊಂಟಕ್ಕ ಕೆಂಪು ಪಟ್ಟಿ, ಕುಂದ್ರೋದೇ ಇಲ್ಲ, ಗಾಳ್ಯಾಗ ನಿಂತೇ ಹೂವಿಂದ ಹೂವಿಗೆ ಹೋಗ್ತೈತಿ. ನಮ್ಮವ್ವ ಸೂರಕ್ಕಿ ಮರಿ ಅಂತಾಳ, ಮಗಳು ಹಮ್ಮಿಂಗ್‌ಬರ್ಡ್ ಅಂತಾಳ. ಯಾವುದು ಖರೇರಿ?
– ಓದುಗರು, ಗಂಗಾವತಿ

ಉತ್ತರ: ಅದು ಹಕ್ಕಿನೇ ಅಲ್ರಿ, ಪತಂಗ. ಹಸರ ಮೈ, ಕೆಂಪು ಪಟ್ಟಿ ಅಂದಿದ್ದಕ್ಕ ಅದು ಕ್ಲಿಯರ್‌ವಿಂಗ್ ಹಾಕ್‌ಮಾತ್ ಅನ್ನೋ ಜಾತಿ. ಪತಂಗ ಅಂದ್ರ ರಾತ್ರಿ ದೀಪಕ್ಕ ಬರೋವು ಅಂತ ನಮ್ಮ ತಲ್ಯಾಗ ಕುಂತುಬಿಟ್ಟೈತಿ, ಇದು ಹಗಲಾಗೇ ತಿರುಗೋದು. ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕಾ ಖಂಡಗಳಾಗ ಅಷ್ಟೇ.

ಅವ್ವಾರಿಗೆ ಮರಿ ಅನ್ಸಿದ್ದು ಸಹಜ, ಯಾಕಂದ್ರ ಹೆಣ್ಣು ಸೂರಕ್ಕೀನೂ ಬೆನ್ನು ಮಾಸಲು ಹಸರು, ಹೊಟ್ಟಿ ಹಳದಿ. ಆದ್ರ ದೊಡ್ಡ ಸೂರಕ್ಕಿ ಸುಮಾರು 10 ಸೆಂಟಿಮೀಟರ್ ಇರ್ತೈತಿ, ಮರಿ ಗೂಡು ಬಿಟ್ಟು ಹಾರೋ ಹೊತ್ತಿಗೆ ಹೆಚ್ಚುಕಮ್ಮಿ ತಾಯಿಯಷ್ಟೇ ಆಗಿರ್ತೈತಿ, ಹೆಬ್ಬೆಟ್ಟಿನಷ್ಟು ಮರಿಗೆ ಹಾರಾಕೇ ಬರಲ್ಲ.

ಸೂರಕ್ಕೀನೂ ಒಂದೊಂದ್ಸಲ ಗಾಳ್ಯಾಗ ರೆಕ್ಕಿ ಬಡೀತಾ ನಿಂದ್ರತೈತಿ ಖರೇ, ಆದ್ರ ಬಾಳ ಹೊತ್ತು ಅಲ್ಲ, ಟೊಂಗಿ ಮ್ಯಾಲ ಕುಂತೇ ಬಾಗಿದ ಕೊಕ್ಕು ಹೂವಿಗೆ ಹಾಕ್ತೈತಿ, ಹೂವು ಬಾಳ ಉದ್ದ ಇದ್ರ ಬುಡಕ್ಕೇ ತೂತು ಮಾಡಿ ಕುಡೀತೈತಿ. ಪತಂಗಕ್ಕ ಕೊಕ್ಕಿಲ್ಲ, ದಾರದಷ್ಟು ಸಣ್ಣ ಸೊಂಡಿಲು, ಕುಡಿದಾದ್ಮ್ಯಾಲ ಸ್ಪ್ರಿಂಗ್ ಹಂಗ ಸುತ್ತಿ ಗದ್ದದ ಕೆಳಗ ಇಟ್ಕೊಂತೈತಿ. ತಲಿ ಮ್ಯಾಲ ಎರಡು ಮೀಸಿ ಕಂಡ್ರ ಡೌಟೇ ಬ್ಯಾಡ. ನನಗ ಬಾಳ ಇಷ್ಟ ಆಗೋದು ಅದರ ರೆಕ್ಕಿ, ಕೋಶದಿಂದ ಹೊರಗ ಬಂದಾಗ ಬೂದಿ ಬಣ್ಣದ ಪುಡಿ ಮೆತ್ಕೊಂಡಿರ್ತೈತಿ, ಮೊದಲನೇ ಸಲ ಹಾರಿದ್ದೇ ತಡ ಅದೆಲ್ಲ ಉದುರಿ ಗಾಜಿನಂಗ ಆಗ್ತೈತಿ, ಆಕಡೆದು ಈಕಡೆ ಕಾಣ್ತೈತಿ.

ಒಂದು ಮಾತು ಕೈಮುಗಿದು ಕೇಳ್ತೀನಿ. ಇದರ ಹುಳ ಕಾಫಿ, ಗಾರ್ಡೇನಿಯಾ ಗಿಡದ ಎಲಿ ತಿಂತೈತಿ, ನಿಮ್ಮ ಇಕ್ಸೋರಾನೂ ಅದೇ ಕುಟುಂಬದ್ದು. ಬಾಲದ ಕಡೆ ಕೊಂಬಿರೋ ಹಸರ ಹುಳ ಕಂಡ್ರ ಹೆದರಿ ಭತ್ತಕ್ಕ ತಂದ ಎಣ್ಣಿ ಹೊಡಿಬ್ಯಾಡ್ರಿ, ಆ ಕೊಂಬು ಚುಚ್ಚಲ್ಲ. ಎಣ್ಣಿ ಹೊಡದ್ರ ಸೂರಕ್ಕಿಗೂ ಪೆಟ್ಟು, ಅದು ಮಕರಂದ ಕುಡಿದ್ರೂ ಮರಿಗಳಿಗೆ ತಂದು ತಿನ್ನಸೋದು ಸಣ್ಣ ಹುಳ, ಜೇಡ. ಗೂಡು ಹೆಣಿಯಾಕೂ ಜೇಡರ ಬಲಿನೇ ಬೇಕು ಅದಕ್ಕ. ಕಂಪೌಂಡ್ ಮೂಲ್ಯಾಗಿನ ಬಲಿ ಬ್ಯಾಸಗಿ ಮುಗಿಯೋತನ ಹಂಗೇ ಬಿಡ್ರಿ, ಹೆಣ್ಣು ಸೂರಕ್ಕಿ ಬಂದು ಕೊಕ್ಕಿನಾಗ ಕಚ್ಕೊಂಡು ಹೋಗೋದು ಅವ್ವಾರಿಗೂ ಕಾಣಬೋದು.